ಮೂರು ವೈರಿನ ಪೂಜೆ

ಎರಡು ಸ್ಪಾರ್ಕ್ ಪ್ಲಗ್ಗು ಸಲೀಸಾಗಿ ಬಂದವು. ಮೂರನೆಯದು ಜಪ್ಪಯ್ಯ ಅಂದರೂ ಅಲುಗಾಡಲಿಲ್ಲ. ಯಶೋದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾರಿನ ಬಾನೆಟ್ಟಿನೊಳಗೆ ಅರ್ಧ ಮೈ ತೂರಿಸಿ, ಪ್ಲಗ್ಗಿನ ಬುಡಕ್ಕೆ ನಾಲ್ಕು ಹನಿ ಸೀಮೆಎಣ್ಣೆ ಬಿಟ್ಟು ಮತ್ತೆ ಸ್ಪ್ಯಾನರ್ ಹಿಡಿದಳು. ಮೂವತ್ತು ವರ್ಷ, ದಿನಕ್ಕೆ ಎರಡು ಹೊತ್ತು ಮುದ್ದೆ ತೊಳಸಿದ ಕೈ ಅದು. ಮನಸ್ಸು ಮಾಡಿದರೆ ಕನ್ನಂಬಾಡಿ ಕಟ್ಟೆಯ ಗೇಟನ್ನೂ ತಿರುಗಿಸಿ ಕಿತ್ತೀತು ಎಂದು ಚಿನಕುರಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಪ್ಲಗ್ಗು ಕಿರ್ರೆಂದು ಒಮ್ಮೆ ಗೊಣಗಿ, ಸೋಲೊಪ್ಪಿ ಹೊರಗೆ ಬಂತು. ತುದಿ ಸವೆದು, ಮಸಿ ಕಟ್ಟಿ, ಸುಟ್ಟ ಬದನೆಕಾಯಿಯ ತೊಟ್ಟಿನಂತಿತ್ತು.

ಜಗಲಿಯ ಮೇಲೆ ಗಂಡ ತಿಮ್ಮರಾಜು ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಎರಡು ತಿಂಗಳಿಂದ ಕಾರು ಕೆಮ್ಮಿದ ಕೆಮ್ಮಿಗೆ ಅರ್ಧ ಊರು ಕಷಾಯ ಕುಡಿದಿತ್ತು. ಇನ್ನು ಇದು ಏಳುವ ಗಾಡಿಯಲ್ಲ ಎಂದು ಅವನೇ ತೀರ್ಮಾನಿಸಿ, ಪಾಂಡವಪುರದ ಗುಜರಿ ಕುಳ್ಳಯ್ಯನಿಗೆ ಹನ್ನೊಂದಕ್ಕೆ ಬರಲು ಫೋನು ಮಾಡಿದ್ದ. ಯಶೋದಮ್ಮ ಕೆ.ಆರ್. ಪೇಟೆಯಿಂದ ಹೊಸ ಪ್ಲಗ್ಗು ತಂದು ಎದುರಿಗಿಟ್ಟಾಗ ನಗುತ್ತ ಒಂದು ಮಾತು ಕೊಟ್ಟಿದ್ದ. "ಅವ್ನು ಗೇಟು ದಾಟಿ ಒಳೀಕೆ ಕಾಲಿಡೋದ್ರೊಳಗೆ ಸ್ಟಾರ್ಟ್ ಆದ್ರೆ ಗಾಡಿ ನಿಂದು. ಇಲ್ದಿದ್ರೆ ಅವುಂದು." ಗಾಡಿ ಹೋದರೆ ಸಿಂಧಘಟ್ಟದ ತವರಿಗೆ ಹೋಗಲೂ ಅವನ ಮರ್ಜಿ ಕಾದು, ಅವನ ಬೈಕಿನ ಹಿಂದೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂರಬೇಕು. ಐವತ್ತಕ್ಕೆ ಡ್ರೈವಿಂಗ್ ಕಲಿತವಳು ಆ ಸೀಟಿಗೆ ವಾಪಸ್ಸು ಹೋಗುವುದಿಲ್ಲ ಎಂದು ನಿಶ್ಚಯಿಸಿಯಾಗಿತ್ತು.

ಪ್ಲಗ್ಗಿಗೆ ಬರುವ ಮೂರು ವೈರೂ ಒಂದೇ ಬಸಿರಿನ ಮಕ್ಕಳಂತಿದ್ದವು. ಅದಲು ಬದಲಾದರೆ ಇಂಜಿನ್ನು ಹೊತ್ತುವುದಿಲ್ಲ. ಅದಕ್ಕೇ ಬಿಚ್ಚುವ ಮೊದಲೇ ಒಂದಕ್ಕೆ ಅರಿಶಿನ, ಒಂದಕ್ಕೆ ಕುಂಕುಮ, ಒಂದಕ್ಕೆ ವಿಭೂತಿ ಹಚ್ಚಿ, ಅದರದರ ಪ್ಲಗ್ಗಿನ ಪಕ್ಕದಲ್ಲೂ ಅದೇ ಬೊಟ್ಟು ಇಟ್ಟಿದ್ದಳು. ಇಂಥ ಉಪಾಯ ಕಾರು ಮಾಡಿದವರಿಗೇ ಹೊಳೆದಿರಲಾರದು.

ಮಸಿ ಕೈಯಲ್ಲಿ ಹೊಸ ಪ್ಲಗ್ಗು ಮುಟ್ಟಬಾರದೆಂದು ಹಿತ್ತಲಿಗೆ ಹೋಗಿ ಕೈ ತೊಳೆದು ಬರುವಷ್ಟರಲ್ಲಿ, ಅತ್ತೆ ಬೆಟ್ಟಮ್ಮ ಪೂಜೆ ತಟ್ಟೆ ಹಿಡಿದು ಬಾನೆಟ್ಟಿನ ಮುಂದೆ ನಿಂತಿದ್ದಳು. ಮೂರು ವೈರಿಗೂ ಅರಿಶಿನ, ಕುಂಕುಮ, ವಿಭೂತಿ ಮೂರನ್ನೂ ಬಳಿದಿದ್ದಳು, ಪಕ್ಕದ ಬೊಟ್ಟುಗಳ ಮೇಲೂ.

"ಒಂದುಕ್ಕೆ ಅರಿಸ್ನ, ಒಂದುಕ್ಕೆ ಕುಂಕ್ಮ ಇಟ್ಟು ಪೂಜೆ ಅರ್ಧಕ್ಕೆ ಬುಟ್ಬುಟ್ಟು ಓಗಿದ್ದೀಯಲ್ಲಮ್ಮಿ. ಮಿಕ್ಕಿದ್ದ ನಾನೇ ಮುಗಿಸ್ದೆ."

ಯಶೋದಮ್ಮ ಬೈಯಲಿಲ್ಲ. ಆ ಬೊಟ್ಟು ಯಾತಕ್ಕಿಟ್ಟಿದ್ದು ಎಂದು ತಿಳಿಸಿದಾಗ ಮುದುಕಿಯ ಮುಖ ಹಿಡಿಯಷ್ಟಾಯಿತು. ತಿಮ್ಮರಾಜು ನಕ್ಕ ನಗುವಿಗೆ ಜಗಲಿಯ ಕಂಬ ಅದುರಿತು. ಗಂಟೆ ಹತ್ತೂ ನಲವತ್ತು.

"ಮೂರು ವೈರ ಮೂರು ಪ್ಲಗ್ಗಿಗೆ ಸಿಕ್ಸಕೆ ಇರೋದು ಆರೇ ದಾರಿ ಅತ್ತೆ," ಎಂದಳು ಯಶೋದಮ್ಮ. "ಆರೂ ನೋಡೇ ಬುಡ್ತೀನಿ."

ಹೊಸ ಪ್ಲಗ್ಗುಗಳನ್ನು ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಹದವಾಗಿ ಬಿಗಿದಳು. ವೈರು ಸಿಕ್ಕಿಸಿ ಕೀ ತಿರುಗಿಸಿದ ಮೊದಲ ಸಲ ಸೈಲೆನ್ಸರು ಢಮ್ಮೆಂದ ಸದ್ದಿಗೆ, ಕಲ್ಲುಕೋರೆಯ ಸಿಡಿಮದ್ದು ಊರೊಳಗೇ ಹೊತ್ತಿತೆಂದು ನಾಲ್ಕು ಬೀದಿಯ ಜನ ತಲೆ ಮೇಲೆ ಮೊರ ಹಿಡಿದರು. ಎರಡನೆಯ ಸಲಕ್ಕೆ ಹೇಂಟೆಯೊಂದು ಹಾರಿ ತೆಂಗಿನಮರ ಸೇರಿದ್ದು ಮೂರು ದಿನ ಇಳಿಯಲಿಲ್ಲ. ಮೂರನೆಯದಕ್ಕೆ ಸದ್ದೇ ಇಲ್ಲ. ನಾಲ್ಕನೆಯದಕ್ಕೆ ಎದ್ದ ಹೊಗೆಗೆ ಮೇಲುಕೋಟೆಯ ಬೆಟ್ಟ ಮರೆಯಾಯಿತಂತೆ. ಪ್ರತಿ ಸಲವೂ ಅವಳು ಇಳಿದು, ವೈರು ಬದಲಿಸಿ, ಮತ್ತೆ ಹತ್ತಿ ಕೂತಳು. ಐದನೆಯ ಸಲ ಇಂಜಿನ್ನು ಬರೀ ಗೊರಗೊರ ಅಂದು ಸುಮ್ಮನಾದಾಗ ಗೇಟಿನ ಮುಂದೆ ಕುಳ್ಳಯ್ಯನ ಗೂಡ್ಸ್ ಆಟೋ ಬಂದು ನಿಂತಿತು.

ತಿಮ್ಮರಾಜು ಜಗಲಿಯಿಂದಲೇ ಕೈ ಬೀಸಿ ಒಳಗೆ ಕರೆದ. ಕುಳ್ಳಯ್ಯ ಗೇಟು ತಳ್ಳಿ ಕಾಲೆತ್ತಿದ. ಆದರೆ ಕಾಲು ಊರಲು ಜಾಗವಿರಲಿಲ್ಲ. ತಟ್ಟೆ ಹಿಡಿದ ಬೆಟ್ಟಮ್ಮ ಅಲ್ಲಿ ನಿಂತಿದ್ದಳು.

"ಅಲ್ಲೇ ನಿಂತ್ಕೊ ಕನಪ್ಪ. ಪೂಜೆ ನಡೀತಾ ಅದೆ, ನಡುವ್ಕೆ ಬರ್ಬಾರ್ದು."

ಪೂಜೆಯೆಂದ ಮೇಲೆ ಕುಳ್ಳಯ್ಯ ಏನು ಮಾಡಿಯಾನು? ಎತ್ತಿದ ಕಾಲನ್ನು ಹಿಂದಕ್ಕೇ ಇಟ್ಟು, ಚಪ್ಪಲಿ ಕಳಚಿದ. ಬೆಟ್ಟಮ್ಮ ಅವನ ಹಣೆಗೆ ವಿಭೂತಿ ಎಳೆದಳು, ಅರಿಶಿನ ಇಟ್ಟಳು, ಕುಂಕುಮ ಇಟ್ಟಳು. ಸ್ವಂತ ಮಗನ ಮದುವೆಯಲ್ಲೂ ಇಷ್ಟು ನಿಧಾನ ಮಾಡಿದವಳಲ್ಲ. ಕರ್ಪೂರಕ್ಕೆ ಕಡ್ಡಿ ಗೀರಿದಳು, ಹತ್ತಿತು. ತಾನೇ ಉಫ್ ಎಂದು ಆರಿಸಿ ಇನ್ನೊಂದು ಗೀರಿದಳು. ತಿಮ್ಮರಾಜು ಜಗಲಿಯಿಂದ ಎದ್ದು, "ಅವ್ವಾ, ಬುಡು ಅವುನ್ನ," ಅಂದ. ಅವ್ವನಿಗೆ ಆ ಹೊತ್ತಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಉಳಿದದ್ದು ಒಂದೇ ದಾರಿ. ಯಶೋದಮ್ಮ ಮೂರನೆಯ ವೈರನ್ನು ಟಕ್ಕೆಂದು ಒತ್ತಿ ಕೂರಿಸಿ, ಸೀಟಿಗೆ ಬಂದು ಕೀ ತಿರುಗಿಸಿದಳು. ಇಂಜಿನ್ನು ಒಂದು ಸಲ ಉಸಿರೆಳೆದು, ಹಾಲು ಕುಡಿದ ಬೆಕ್ಕಿನ ಹಾಗೆ ಒಂದೇ ಸಮನೆ ಗುರುಗುಟ್ಟತೊಡಗಿತು. ಒಂದು ಕೆಮ್ಮೂ ಇಲ್ಲ. ಬೆಟ್ಟಮ್ಮ ಆಗ ಕರ್ಪೂರ ಹಚ್ಚಿ, ಕುಳ್ಳಯ್ಯನಿಗೆ ಬೆಳಗಿ, ಪಕ್ಕಕ್ಕೆ ಸರಿದಳು.

ತಿಮ್ಮರಾಜು ಮತ್ತೆ ಜಗಲಿಯ ಮೇಲೆ ಕೂತ. ಕುಳ್ಳಯ್ಯ ಒಮ್ಮೆ ಅವನನ್ನೂ ಒಮ್ಮೆ ಕಾರನ್ನೂ ನೋಡಿದ. "ಅಂಗಾರೆ ನಾನು ಬರಿಗೈಲಿ ಓಗ್ಬೇಕಾ ಅಕ್ಕಾ?"

"ಪೂಜೆಗ್ ಬಂದೋರ್ನ ಬರಿಗೈಲಿ ಕಳ್ಸಾದುಂಟಾ?" ಎಂದ ಯಶೋದಮ್ಮ ಕಾರನ್ನು ಗೇಟಿನವರೆಗೆ ತಂದು ಕಿಟಕಿಯಿಂದ ಕೈ ಹೊರಗೆ ಹಾಕಿದಳು. ಹಣೆಯಲ್ಲಿ ಮೂರೂ ಹೊತ್ತ ಕುಳ್ಳಯ್ಯ, ಅಭ್ಯಾಸಬಲದಿಂದ ಬಲಗೈ ಕೆಳಗೆ ಎಡಗೈ ಇಟ್ಟು ತೀರ್ಥಕ್ಕೆ ಒಡ್ಡುವ ಹಾಗೆ ಅಂಗೈ ಚಾಚಿದ. ಸವೆದ ಪ್ಲಗ್ಗು ಮೂರೂ ಅದರೊಳಕ್ಕೆ ಬಿದ್ದವು.