ಗೌರಿಯ ಮೂಗು

"ಹೊರಗೆ ಇನ್ನೊಂದು ಸಲ ಹುಚ್ಚುಚ್ಚಾಗಿ ಮಾತಾಡಿದ್ರೆ ಮತ್ತೆ ಆಸ್ಪತ್ರೆಗೇ," ಎಂದು ಭಾವ ಮನೆಯಲ್ಲೇ ಹೇಳಿದ್ದರು. ಸ್ಕಿಜೋಫ್ರೇನಿಯಾ ಎಂದು ಗೊತ್ತಾದ ಮೇಲೆ ನನ್ನ ಗಂಡ ಕಂಡದ್ದನ್ನು ಯಾರೂ ನಂಬುತ್ತಿರಲಿಲ್ಲ. ನಾನೂ ನಂಬುತ್ತಿರಲಿಲ್ಲ.

ಹಬ್ಬಕ್ಕೆ ಮಣ್ಣಿನ ಗೌರಿ ಕೊಳ್ಳಲು ಕುಂಬಾರರ ಅಂಗಡಿಗೆ ಹೋದೆವು. ಒಳಗೋಡೆಗೆ ತೂಗುಹಾಕಿದ್ದ ಬಿಳಿ ಮುಖಕ್ಕೆ ಅತ್ತೆ ಬಾಗಿಲಿನಿಂದಲೇ ಕೈಮುಗಿದರು. "ಎಷ್ಟು ಲಕ್ಷಣವಾಗಿದಾಳೆ! ಎತ್ತ ಹೋದ್ರೂ ನನ್ನನ್ನೇ ನೋಡ್ತಾಳೆ."

"ಅದು ಮುಖ ಅಲ್ಲಮ್ಮ, ಗುಂಡಿ," ಎಂದರು ಇವರು.

ಅಕ್ಕಪಕ್ಕದವರು ತಿರುಗಿ ನೋಡಿದರು. ನನಗೆ ರೇಗಿತು. "ಮೂಗು ಕಾಣ್ತಿಲ್ವೇನ್ರೀ? ಇವತ್ತೊಂದಿನ ಬಾಯಿ ಮುಚ್ಕೊಂಡಿರೋಕಾಗಲ್ವಾ?"

"ಕಾಣ್ತಿದೆ ಕಣೇ. ಒಳಕ್ಕೆ ಹೋಗಿದೆ."

"ಮಾತ್ರೆ ನುಂಗಿದ್ರಾ?"

"ನಿನ್ನೆದುರಿಗೇ ನುಂಗಿದ್ನಲ್ಲ."

ಭಾವ ಆಸ್ಪತ್ರೆಗೆ ಫೋನ್ ಮಾಡಿದರು. "ಹೌದು ಡಾಕ್ಟ್ರೇ, ಮತ್ತೆ ಶುರುವಾಗಿದೆ. ಸಂಜೆಗೇ ಕರ್ಕೊಂಡ್ಬರ್ತೀವಿ."

ನಾನು ತಡೆಯಲಿಲ್ಲ. ನನಗೂ ಸಾಕಾಗಿತ್ತು.

ಅತ್ತೆ ಅವಸರ ಮಾಡಿದರು. "ಆ ಗೋಡೆ ಮೇಲಿರೋ ಗೌರೀನೇ ಕೊಡಪ್ಪ, ಹೊರಡ್ತೀವಿ."

"ಅದು ಮಾರೋದಲ್ಲಮ್ಮ, ಅಚ್ಚು," ಎನ್ನುತ್ತಾ ಕುಂಬಾರ ಅದನ್ನು ಕೆಳಗಿಳಿಸಿ, ಮೂಗಿನ ಗುಂಡಿಯೊಳಗೆ ಹಸಿಮಣ್ಣು ಒತ್ತತೊಡಗಿದ.