ಅತ್ತೆಯ ಪಾಲು

ಬಲೂನು ಒಡೆಯುವುದು ಊಟವಾದ ಮೇಲೆ ಎಂದು ಎಲ್ಲರಿಗೂ ಹೇಳಿಯಾಗಿತ್ತು. ಪಿಸಿನಾ ಆಗಲೇ ಅದನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಒಳಗೇನಿದೆಯೆಂದು ನೋಡುತ್ತಿದ್ದಳು.

“ಇದೇನಮ್ಮ ಇಷ್ಟು ಕಪ್ಪು? ಸಾವಿನ ಮನೆಗೆ ಕಟ್ಟೋದಾ?”

“ಒಳಗಿನ ಬಣ್ಣ ಕಾಣಬಾರದಲ್ಲ ಅತ್ತಿಗೆ,” ಎಂದಳು ಲೊಸಲೀನಾ. “ಕೆಲವರಿಗೆ ಕಾಯೋ ತಾಳ್ಮೆ ಇರಲ್ಲ.”

“ಕೆಲವರಿಗೆ ಬಚ್ಚಿಡೋ ಚಾಳಿ ಇರತ್ತೆ.”

ಹುಟ್ಟಲಿರುವುದು ಗಂಡಾದರೆ ನೀಲಿ, ಹೆಣ್ಣಾದರೆ ಗುಲಾಬಿ; ಬಲೂನಿನೊಳಗೆ ಇದ್ದದ್ದು ನೀಲಿ ಪುಡಿ. ಲೊಸಲೀನಾಳ ಹೊಟ್ಟೆಯಲ್ಲಿ ಇದ್ದದ್ದು ಹೆಣ್ಣು. ಮಗು ಯಾವುದೆಂದು ಬರೆದ ಆಸ್ಪತ್ರೆಯ ಚೀಟಿಯನ್ನು ಬಿಚ್ಚದೆ ಅಂಗಡಿಗೆ ಕೊಟ್ಟೆ, ಅವರೇ ತುಂಬಿದರು ಎಂದು ಊರಿಗೆಲ್ಲ ಹೇಳಿದವಳು ಬಟ್ಟೆ ಒಗೆಯುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ತಾನೇ ತುಂಬಿದ್ದಳು. ನಿಜ ಬಲ್ಲವಳು ತಾನೊಬ್ಬಳೇ ಎಂಬ ಧೈರ್ಯ ಅವಳನ್ನು ಈ ಹೊತ್ತು ನಿಲ್ಲಿಸಿತ್ತು.

ಪಿಸಿನಾ ಅವಳ ಗಂಡ ಫೆಲೇತಿಯ ಅಕ್ಕ. ನಮ್ಮ ಟೋಂಗಾದವರಲ್ಲಿ ಅಕ್ಕ ಕೇಳಿದ್ದನ್ನು, ಅದು ಹಂದಿಯಾಗಲಿ ಚಾಪೆಯಾಗಲಿ ಮಗುವಾಗಲಿ, ಇಲ್ಲವೆನ್ನುವ ತಮ್ಮ ಇನ್ನೂ ಹುಟ್ಟಿಲ್ಲ. ಗಂಡ ತೀರಿಹೋದವಳು, ಮಕ್ಕಳಿಲ್ಲ. ಟೋಂಗಾದ ವವಾಉ ದ್ವೀಪದಲ್ಲಿ ದೊಡ್ಡ ಮನೆ, ವೆನಿಲಾ ತೋಟ. ಮೂರು ತಿಂಗಳ ಹಿಂದೆ ಫೋನಿನಲ್ಲಿ ಕೇಳಿದ್ದಳು: “ಹೆಣ್ಣಾದ್ರೆ ನನಗೆ ಕೊಡು. ಇಲ್ಲಾಂದ್ರೆ ಸಿಡ್ನಿ ತಮ್ಮನ ಮನೇಲಿ ಮೂರು ಹೆಣ್ಣಿದಾವೆ, ಅಲ್ಲಿ ನೋಡ್ಕೋತೀನಿ.”

“ಆಗಲಿ ಅಕ್ಕಾ,” ಎಂದಿದ್ದ ಫೆಲೇತಿ.

ಆಮೇಲೆ ಲೊಸಲೀನಾ ಅತ್ತಳು, ಅನ್ನ ಬಿಟ್ಟಳು, ಬಟ್ಟೆ ಕಟ್ಟಿ ತವರಿಗೆ ಹೊರಟಳು. ಗಂಡ ಆಡಿದ ಮಾತು ಅಲುಗಲಿಲ್ಲ. ಈಗ ಅತ್ತಿಗೆ ಫಲವನ್ನು ಕಣ್ಣಾರೆ ಕಾಣಲು ಇವರಿರುವ ಆಕ್ಲೆಂಡಿಗೇ ಬಂದು ಇಳಿದಿದ್ದಳು. ಇವತ್ತೊಂದು ದಿನ ಸುಳ್ಳು ನಿಂತರೆ ಸಾಕು, ಅವಳು ಸಿಡ್ನಿಯ ದಾರಿ ಹಿಡಿಯುತ್ತಾಳೆ. ಹೆರಿಗೆಯಾದ ಮೇಲೆ ಸ್ಕ್ಯಾನ್ ಯಂತ್ರದ ಕಣ್ಣು ತಪ್ಪಿತ್ತು ಎಂದರಾಯಿತು. ಸಿಡ್ನಿಯ ಓರಗಿತ್ತಿಯ ಮುಖ ಆಗಾಗ ಕಣ್ಣೆದುರು ಬರುತ್ತಿತ್ತು. ಲೊಸಲೀನಾ ಅದನ್ನು ತಳ್ಳಿಹಾಕುತ್ತಿದ್ದಳು.

ಅಂಗಳದಲ್ಲಿ ಚಾಪೆ ಹಾಸಿತ್ತು. ಪಾದ್ರಿ ಊಟದ ಪ್ರಾರ್ಥನೆ ಎತ್ತಿಕೊಂಡರು. “ಗರ್ಭದಲ್ಲಿರುವ ಕೂಸನ್ನು ನೀನೊಬ್ಬನೇ ಬಲ್ಲೆ, ತಂದೆಯೇ” ಎಂಬ ಮಾತು ಬಂದಾಗ ಲೊಸಲೀನಾ ಕಣ್ಣು ತೆರೆದಳು. ಎದುರಿಗೆ ಪಿಸಿನಾಳ ಕಣ್ಣೂ ತೆರೆದೇ ಇದ್ದವು.

ಚಾಪೆಯ ಮೇಲ್ತುದಿಯಲ್ಲಿ ಪಿಸಿನಾ, ಕೆಳತುದಿಯಲ್ಲಿ ತಲೆ ತಗ್ಗಿಸಿ ಫೆಲೇತಿ. ಎಂಟು ವರ್ಷದ ಮಗ ಕೆಲೇಪಿ ಕೆಸುವಿನೆಲೆಯಲ್ಲಿ ಬೇಯಿಸಿದ ಮಾಂಸವನ್ನು ಮೊದಲು ಅತ್ತೆಗೆ ತಂದಿಟ್ಟ. ಅವಳು ಅವನ ಗಲ್ಲ ಹಿಡಿದು ಮುಖ ತನ್ನತ್ತ ತಿರುಗಿಸಿಕೊಂಡಳು. ಬಲು ಹೊತ್ತು ಬಿಡಲಿಲ್ಲ.

“ಓದು ಬರತ್ತೇನೋ?”

“ಬರತ್ತೆ ಅತ್ತೆ.”

“ಈಜು?”

“ಅದೂ ಬರತ್ತೆ.”

“ತಮ್ಮ ಬೇಕೋ, ತಂಗಿ ಬೇಕೋ?”

“ಅಮ್ಮ ಯಾವುದು ಅಂತಾಳೋ ಅದೇ.”

ಕೂತವರು ಗೊಳ್ಳೆಂದರು. ಪಿಸಿನಾ ನಗಲಿಲ್ಲ. “ಚೆನ್ನಾಗಿ ಬಾಯಿಪಾಠ ಮಾಡಿಸಿದೀಯ,” ಎಂದಳು ಲೊಸಲೀನಾಳನ್ನು ನೋಡಿ.

“ಅವನಿಗೇನು ಗೊತ್ತು ಅತ್ತಿಗೆ, ಪಾಪ.”

ಅದು ಮಾತ್ರ ನಿಜ ಎಂದುಕೊಂಡಳು. ಸ್ಕ್ಯಾನಿನ ದಿನ ಮನೆಯಲ್ಲಿ ಬಿಡಲು ಯಾರೂ ಇಲ್ಲದೆ ಅವನನ್ನೂ ಕರೆದೊಯ್ದು ಅರೆತೆರೆದ ಬಾಗಿಲಾಚೆಯ ಕುರ್ಚಿಯಲ್ಲಿ ಕೂರಿಸಿದ್ದಳು. ಬೇರೆ ಮಕ್ಕಳಾಗಿದ್ದರೆ ಪೀಡಿಸಿ ಪ್ರಾಣ ತಿನ್ನುತ್ತಿದ್ದವು. ಇವನು ಬಸ್ಸಿಳಿಯುವವರೆಗೂ ತುಟಿ ಬಿಚ್ಚಿರಲಿಲ್ಲ.

ಊಟ ಮುಗಿಯಿತು. ಕೆಲೇಪಿ ಸೂಜಿ ಹಿಡಿದು ಕುರ್ಚಿ ಹತ್ತಿದ. ಒಮ್ಮೆ ತಾಯಿಯತ್ತ ನೋಡಿ ಚುಚ್ಚಿದ.

ನೀಲಿ! ಅವನ ತಲೆ, ಬಿಳಿ ಅಂಗಿ, ಚಾಪೆ, ಉಳಿದ ಅಡುಗೆ, ಎಲ್ಲದರ ಮೇಲೂ ನೀಲಿ. ಗಂಡಸರು ಕೇಕೆ ಹಾಕಿದರು. ಮುದುಕಿಯರು ಎದ್ದು ಕುಣಿದರು. ಫೆಲೇತಿ ಅಂದು ಮೊದಲ ಬಾರಿಗೆ ತಲೆಯೆತ್ತಿ ಉಸಿರು ಬಿಟ್ಟ. ಮೂರು ತಿಂಗಳು ನುಂಗಿಕೊಂಡಿದ್ದ ವಿಷ ಲೊಸಲೀನಾಳ ನಾಲಿಗೆಗೆ ಬಂತು.

“ಅಯ್ಯೋ ಅತ್ತಿಗೆ, ಈ ವಯಸ್ಸಲ್ಲಿ ಸಿಡ್ನಿ ತನಕ ಅಲೆಯೋ ಹಾಗಾಯ್ತಲ್ಲ!”

ಪಿಸಿನಾ ಹಬ್ಬದ ಉಡುಪಾಗಿ ಸೊಂಟಕ್ಕೆ ಸುತ್ತಿಕೊಂಡಿದ್ದ ಚಾಪೆಯ ಮೇಲೆ ಬಿದ್ದ ಪುಡಿಯನ್ನು ನಿಧಾನವಾಗಿ ಕೊಡವಿದಳು.

“ಯಾಕೆ ಅಲೀಲಿ? ಹೆಣ್ಣೇ ಕೇಳಿದ್ದು ಯಾಕೆ ಅಂದ್ಕೊಂಡೆ? ಈ ಕೆಲೇಪಿ ಹುಟ್ಟಿದ ದಿನದಿಂದ ನನ್ನ ಕಣ್ಣು ಇವನ ಮೇಲೇ. ಇದ್ದೊಬ್ಬ ಗಂಡುಮಗನ್ನ ಕಿತ್ಕೊಳ್ಳೋಕೆ ನಾನೇನು ರಾಕ್ಷಸೀನಾ? ಎಂಟು ವರ್ಷ ನಾಲಿಗೆ ಕಚ್ಕೊಂಡಿದ್ದೆ. ಈಗ ದೇವರೇ ನಿಮಗೆ ಇನ್ನೊಬ್ಬನ್ನ ಕೊಟ್ಟ.” ತಮ್ಮನತ್ತ ತಿರುಗಿದಳು. “ಫೆಲೇತಿ, ಕೆಲೇಪಿ ನನಗೆ. ಮಂಗಳವಾರ ನನ್ನ ಜೊತೆ ವಿಮಾನ ಹತ್ತಿಸು.”

ಕೇಕೆ ನಿಂತಿತು. ಫೆಲೇತಿಯ ತಲೆ ಮತ್ತೆ ತಗ್ಗಿತು.

ಲೊಸಲೀನಾ ಎದ್ದು ನಿಂತಳು. ನಿಜ ಹೇಳಿದರೆ ಮಗ ಉಳಿಯುತ್ತಾನೆ, ಮಗಳು ಹೋಗುತ್ತಾಳೆ.

“ಅತ್ತಿಗೆ, ಅದು...”

“ಏನದು?” ಪಿಸಿನಾಳ ಕಣ್ಣು ಕಿರಿದಾದವು. “ಹೇಳು, ಪಾದ್ರಿಗಳು ಇಲ್ಲೇ ಇದಾರೆ. ಒಳಗಿರೋದು ಗಂಡಲ್ವೇನು?”

ಅಷ್ಟರಲ್ಲಿ ರೆಪ್ಪೆಯವರೆಗೂ ನೀಲಿಯಾಗಿದ್ದ ಕೆಲೇಪಿ ಓಡಿ ಬಂದು ತಾಯಿಯ ಕೊರಳಿಗೆ ಜೋತುಬಿದ್ದು, ಅವಳ ಕಿವಿಗೆ ಬಾಯಿಟ್ಟ.

“ಹೇಳ್ಬೇಡಮ್ಮ. ತಂಗೀಗೆ ನನ್ನ ಮಂಚ ಕೊಡು.”