ಕೈಯಲ್ಲಿ ಬರೆದ ಗಿಳಿ

ಪಿಂಗಾಣಿ ತಟ್ಟೆಗಳ ಆ ಕಾರ್ಖಾನೆಯ ಬೋರ್ಡಿನ ಮೇಲೆ ‘ಪ್ರತಿ ಚಿತ್ರವೂ ಕೈಯಲ್ಲೇ ಬರೆದದ್ದು’ ಎಂದಿತ್ತು. ಒಳಗೆ ಸಿದ್ದಗಂಗಮ್ಮ ಹನ್ನೊಂದು ವರ್ಷದಿಂದ ಅಚ್ಚಾದ ಸ್ಟಿಕರ್‌ಗಳನ್ನು ನೀರಿನಲ್ಲಿ ನೆನೆಸಿ ತಟ್ಟೆಗಳಿಗೆ ಅಂಟಿಸುತ್ತಿದ್ದಳು. ಅಂಟಿಸುವುದೂ ಕೈಯಲ್ಲೇ ತಾನೇ ಎಂಬುದು ಮಾಲೀಕರ ವಾದ.

ಒಂದು ದಿನ ಹೋಟೆಲಿನವರೊಬ್ಬರು ಬಂದು, “ಒಂದು ತಟ್ಟೆ ನನ್ನೆದುರಿಗೇ ಬರೀರಿ, ನೋಡೋಣ” ಎಂದು ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಮಾಲೀಕರು ಬೆವೆತರು. ಸಿದ್ದಗಂಗಮ್ಮ ಎಲ್ಲಿಂದಲೋ ಹಳೆಯ ಬ್ರಶ್ಶು, ಬಣ್ಣ ಹುಡುಕಿ ತಂದು, ಕತ್ತು ಹೊರಳಿಸಿ ನೋಡುವ ಗಿಳಿಯೊಂದನ್ನು ಬರೆದಳು.

“ಇಂಥದ್ದೇ ಇನ್ನೂರು ಬೇಕು!” ಎಂದು ಅವರು ಖುಷಿಯಿಂದ ಹೊರಟರು.

ಸಿದ್ದಗಂಗಮ್ಮನ ಮುಖ ಅರಳಿತ್ತು. “ನಾಕು ಒಳ್ಳೇ ಬ್ರಶ್ ತರಿಸ್ಕೊಡಿ ಸಾ, ನಾಳೆಯಿಂದ್ಲೇ ಬರೀತೀನಿ.”

“ಬ್ರಶ್ ಯಾಕಮ್ಮ? ಇದ್ರ ಫೋಟೋ ಹೊಡೆದು ಪ್ರೆಸ್ಸಿಗೆ ಕಳಿಸಿದ್ರೆ ನಾಡಿದ್ದು ಸ್ಟಿಕರ್ ಬರುತ್ತೆ. ಅಂಟಿಸೋಕೆ ನೀನಿದ್ದೀಯಲ್ಲ!” ಎಂದು ಮಾಲೀಕರು ಫೋನಿಗಾಗಿ ಜೇಬು ತಡಕಿದರು.

“ತಡೀರಿ ಸಾ, ಕೊಕ್ಕು ಒಂಚೂರು ಸೊಟ್ಟಗಾಗಿದೆ” ಎಂದು ಸಿದ್ದಗಂಗಮ್ಮ ತಟ್ಟೆ ಎತ್ತಿಕೊಂಡು, ಇನ್ನೂ ಹಸಿಯಾಗಿದ್ದ ಗಿಳಿಯನ್ನು ಸೆರಗಿನಿಂದ ಪೂರ್ತಿ ಒರೆಸಿ ಹಾಕಿದಳು.